ರಾತ್ರಿ ಪೂರಾ ಒಂದು ಫ್ಯಾನು

ಶಹಾಪುರದಿಂದ ಸುರಪುರದ ತನಕ ಕಾಲುವೆ ದಂಡೆಯಲ್ಲಿ ಯಾರ ಪಂಪ್‌ಸೆಟ್ ಕೆಟ್ಟರೂ ರಿಪೇರಿಗೆ ಈಶಪ್ಪನೇ ಬರಬೇಕು. ಅವನ ಮನೆಯೆಂದರೆ ಒಂದು ಹಳೇ ಟೆಂಪೊ. ಹಿಂದೆ ತಗಡಿನ ಗೂಡು ಕಟ್ಟಿಸಿ ಮಂಚ, ಸ್ಟೋವು, ಪಾನಾ ಪೆಟ್ಟಿಗೆ ಇಟ್ಟುಕೊಂಡಿದ್ದ. ಕೆಲಸ ಎಲ್ಲೋ ಬಿಡಾರ ಅಲ್ಲೇ. ನನ್ನ ಚಹಾದಂಗಡಿಯ ಪಕ್ಕ ನಿಂತಾಗಲೆಲ್ಲ ಎರಡು ಕಪ್ ಚಹಾ ಕುಡಿದು, ಎದ್ದು ಹೋಗಲು ಮನಸ್ಸಿಲ್ಲದೆ ಕೂತೇ ಇರುತ್ತಿದ್ದ.

ಹೆಂಡತಿ ಅಯ್ಯಮ್ಮ ಸುರಪುರದಲ್ಲಿ ಬೇರೆ ಖೋಲಿ ಹಿಡಿದು ಹೊಲಿಗೆ ಮಾಡುತ್ತಿದ್ದಳು. ಜಗಳವೇನಿಲ್ಲ. ಹಿಂದೊಮ್ಮೆ ಬೇಸಿಗೆಯಲ್ಲಿ ಗಾಡಿಯಲ್ಲಿರಲು ಬಂದಿದ್ದಳು. ತಗಡಿನ ಕಾವು, ಗದ್ದೆಯ ಸೊಳ್ಳೆ ತಾಳಲಾರದೆ ಮರುದಿನವೇ ಬಸ್ಸು ಹತ್ತಿದಳು. "ರಾತ್ರಿ ಪೂರಾ ಫ್ಯಾನ್ ತಿರಗೂವಂಗಾದ್ರ ಕರೀರಿ, ಬರ್ತೀನಿ" ಅಂದಿದ್ದಳಂತೆ. ಆ ಮಾತನ್ನೇ ನಂಬಿಕೊಂಡು ಈ ಮನುಷ್ಯ ವರ್ಷಗಟ್ಟಲೆ ಒಬ್ಬನೇ ರೊಟ್ಟಿ ಮುರಿದ. ನನಗೆ ಅವನನ್ನು ಕಂಡರೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಅನ್ನುತ್ತಿತ್ತು.

ಕೊನೆಗೆ ಗಾಡಿಯ ಮೇಲೆ ಸೋಲಾರ್ ಹಾಕಿಸುವುದೆಂದಾಯಿತು. ಸೋಲಾರ್ ಕೂಡಿಸುವ ಶಹಾಪುರದ ಹುಡುಗ ವಹಾಬ ನನ್ನ ಅಂಗಡಿಯಲ್ಲೇ ಕೂತು ಲೆಕ್ಕ ಹಾಕಿದ.

"ಕಾಕಾ, ಫ್ಯಾನ್ ಇಪ್ಪತ್ತೈದು ವ್ಯಾಟ್. ಹತ್ತು ತಾಸು ತಿರಗಿದ್ರ ಎರಡನೂರಾ ಐವತ್ತು. ಲೈಟು, ಫೋನು ಕೂಡಿ ಮುನ್ನೂರು ಹಿಡೀರಿ. ಬ್ಯಾಟ್ರಿ ಅದರ ಡಬಲ್ ಇರ್ಲಿ, ಪೂರಾ ಖಾಲಿ ಮಾಡಿದ್ರ ಲಗೂನ ಸಾಯ್ತದ. ನೂರು ವ್ಯಾಟಿನ ಪ್ಲೇಟ್ ಸಾಕು. ಫ್ಯಾನ್ ಬ್ಯಾಡಂದ್ರ ಇದರಾಗ ಕಾಲುಭಾಗನೂ ಬೇಕಾಗಂಗಿಲ್ಲ."

"ಫ್ಯಾನಿನ ಸಲುವಾಗೇ ಇದೆಲ್ಲ ಮಾಡಾಕತ್ತೀನಿ" ಅಂದ ಈಶಪ್ಪ.

ಎಲ್ಲ ಕೂಡಿಸಿದರು. ಆದರೆ ಫ್ಯಾನು ನಡುರಾತ್ರಿಗೂ ಮುಟ್ಟದೆ ನಿಂತುಬಿಡುತ್ತಿತ್ತು. ಬ್ಯಾಟರಿ ಖೊಟ್ಟಿ ಅಂತ ಈಶಪ್ಪ ಫೋನಿನಲ್ಲೇ ಹಾರಾಡಿದ. ವಹಾಬ ಬಂದು ನೋಡಿದರೆ ಗಾಡಿ ಬೇವಿನ ಮರದ ಕೆಳಗೆ! ನಾನೂ ದಿನಾ ನೋಡುತ್ತಿದ್ದೆ, ಹೊಳೆದಿರಲಿಲ್ಲ. ಈ ಸೀಮೆಯ ಬಿಸಿಲಲ್ಲಿ ನೆರಳು ಕಂಡ ಮೇಲೆ ಗಾಡಿಯನ್ನು ಬಯಲಲ್ಲಿ ನಿಲ್ಲಿಸುವವರು ಯಾರಿದ್ದಾರೆ? ವಹಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಗಾಡಿ ಬಿಸಿಲಲ್ಲಿ, ಈಶಪ್ಪ ನೆರಳಲ್ಲಿ. ಫ್ಯಾನು ಬೆಳಗಿನ ತನಕ ನಿಲ್ಲಲಿಲ್ಲ.

ಅಯ್ಯಮ್ಮ ಬಂದಳು. ಈಶಪ್ಪ ಹೊಸ ಚಾದರ ಹಾಸಿದ್ದ, ಕಿಟಕಿಗೆ ಸೊಳ್ಳೆಯ ಜಾಳಿಗೆ ಬಡಿದಿದ್ದ. ಮರುದಿನ ಬೆಳಿಗ್ಗೆ ಇಬ್ಬರೂ ಚಹಾಕ್ಕೆ ಬಂದರು. ಅವಳ ಕೈಯಲ್ಲಿ ಚೀಲವಿತ್ತು.

"ನಿದ್ದಿ ಆತೇನವಾ?" ಅಂದೆ.

"ಛಲೋ ಆತ್ರಿ. ಗಾಳಿ ಭಾಳ ತಂಪ ಇತ್ತು."

"ಮತ್ತ ಚೀಲ ಯಾಕ?" ಈಶಪ್ಪನೇ ಕೇಳಿದ. ಗಾಡಿಯಿಂದ ಅಂಗಡಿಯವರೆಗೂ ಆ ಮಾತು ಅವನ ಬಾಯಿಗೆ ಬಂದಿರಲಿಲ್ಲ ಅಂತ ಕಾಣುತ್ತದೆ.

ಅವಳು ಲೋಟ ಕೆಳಗಿಟ್ಟಳು. "ನೀವು ಏನೂ ಕಡಿಮಿ ಮಾಡಿಲ್ಲರಿ. ನನಗ ಒಬ್ಬಾಕೀನ ಇರೂದು ರೂಢಿ ಆಗ್ಯಾದ. ಸುಳ್ಳ್ಯಾಕ ಹೇಳ್ಲಿ, ಅದೇ ಛಲೋ ಅನಸ್ತದ."

ಈಶಪ್ಪ ಬಸ್ಸಿನ ತನಕ ಚೀಲ ಹೊತ್ತು, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು ಬಂದ. ನನ್ನ ಮುಂದೆ ಕೂತು ಇನ್ನೊಂದು ಚಹಾ ಕುಡಿದ.

"ಫ್ಯಾನ್ ನಿಂತಿದ್ರ ಛಲೋ ಇತ್ತು ನೋಡ್ರಿ" ಅಂದ ಕಡೆಗೆ. "ಇನ್ನೊಂದ್ ಬ್ಯಾಟ್ರಿ ಹಾಕ್ತಿದ್ದೆ."