ಷೋಕೇಸಿನೊಳಗಿನ ವಜ್ರಿ

ಹಿಮ್ಮಡಿ ತಿಕ್ಕುವ ವಸ್ತುವನ್ನು ಗಾಜಿನ ಷೋಕೇಸಿನಲ್ಲಿಟ್ಟು ಅದಕ್ಕೆ ಬಲ್ಬು ಹಾಕಿದ ಮನೆ ಇಡೀ ಬಂಗೂರನಗರದಲ್ಲಿ ಒಂದೇ ಇದ್ದೀತು. ಅದು ನಮ್ಮದು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಸಿಟ್ಟಿದೆ.

ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಮಿಲ್ಲಿನಲ್ಲಿ ಪಾಳಿಯ ಕೆಲಸ ಮಾಡುವ ನಮ್ಮ ಯಜಮಾನರು ಇಷ್ಟು ವರ್ಷ ನನಗೆ ಕೊಟ್ಟ ಉಡುಗೊರೆಗಳೆಂದರೆ ಕುಕ್ಕರು, ಮಿಕ್ಸರು, ಮತ್ತೊಂದು ಕುಕ್ಕರು. ಈ ಸಲ ಯಾರೋ ಪುಣ್ಯಾತ್ಮರು ಅವರ ಮೊಬೈಲಿಗೆ ಒಂದು ಬರಹ ಕಳಿಸಿದ್ದರು. ಹೆಂಡತಿಗೆ ಹಳೆಯ ಕಾಲದ ಅಲಂಕಾರದ ವಸ್ತು ಕೊಡಿ, ಅತ್ತರದಾನಿ ಕೊಡಿ, ಕೈಗನ್ನಡಿ ಕೊಡಿ, ಮೈಗೆ ಮುಟ್ಟುವ ವಸ್ತುವಿನಲ್ಲಿರುವ ಶೃಂಗಾರ ಇನ್ನಾವುದರಲ್ಲೂ ಇಲ್ಲ ಎಂದು ಅದರ ಉಪದೇಶ. ಓದಿದವರೇ ಜೋಯಿಡಾ ರಸ್ತೆಯ ರಿಸಾರ್ಟೊಂದರ ಮಗ್ಗುಲಿನ ಹಳೇ ಸಾಮಾನಿನ ಅಂಗಡಿಗೆ ಹೋದರು. ತಂದದ್ದು ಅಂಗೈಯಗಲದ ಹಿತ್ತಾಳೆಯ ವಸ್ತು. ಮೇಲೆ ಎರಡು ನವಿಲು ಕೊಕ್ಕಿಗೆ ಕೊಕ್ಕು ಹಚ್ಚಿ ನಿಂತಿದ್ದವು. ಅಲ್ಲಾಡಿಸಿದರೆ ಒಳಗಿನ ಹರಳು ಗಿಲಿಗಿಲಿ ಅನ್ನುತ್ತಿತ್ತು.

“ರಾಜರ ಕಾಲದ್ದಂತ. ರಾಣಿ ಕೋಣ್ಯಾಗ ಇಡ್ತಿದ್ರಂತ,” ಎಂದರು.

ತಿರುಗಿಸಿ ತಳ ನೋಡಿದೆ. ಅರದ ಹಾಗೆ ಗೀರುಗೀರು. ತೇರಗಾಂವದ ನನ್ನ ತವರಿನಲ್ಲಿ ಇದಕ್ಕೆ ವಜ್ರಿ ಅನ್ನುತ್ತಿದ್ದರು. ಅದು ಇರುತ್ತಿದ್ದುದು ರಾಣಿಯ ಕೋಣೆಯಲ್ಲಲ್ಲ, ಬಚ್ಚಲಿನ ಮೂಲೆಯಲ್ಲಿ, ಸೀಗೆಪುಡಿಯ ಡಬ್ಬಿಯ ಪಕ್ಕ. ಒಡೆದ ಹಿಮ್ಮಡಿ ತಿಕ್ಕಲು.

ಈಗ ನೀವೇ ನ್ಯಾಯ ಹೇಳಿ. ದಿನವಿಡೀ ಶಾಲೆಯಲ್ಲಿ ನಿಂತು ಪಾಠ ಹೇಳುವ ನನ್ನ ಹಿಮ್ಮಡಿ ಒಡೆದಿರುವುದು ನಿಜ, ಚಳಿಗಾಲದಲ್ಲಿ ಹೊದಿಕೆಯ ದಾರ ಸಿಕ್ಕಿಕೊಳ್ಳುವಷ್ಟು. ಗೊತ್ತಿದ್ದು ತಂದಿದ್ದರೆ ಅದು ಅವಮಾನ. ಗೊತ್ತಿಲ್ಲದೆ ತಂದಿದ್ದರೆ ಇನ್ನೂ ದೊಡ್ಡ ಅವಮಾನ, ಏಕೆಂದರೆ ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಇದ್ದು ಈ ಮನುಷ್ಯ ಒಮ್ಮೆಯೂ ನನ್ನ ಕಾಲು ನೋಡಿಲ್ಲ ಎಂದಾಯಿತು.

ಅವರಿಗೆ ಗೊತ್ತಿರಲಿಲ್ಲ. ಧಾರವಾಡದ ಪೇಟೆಯಲ್ಲಿ ಬೆಳೆದವರು, ಕಲ್ಲಿಗೆ ಕಾಲು ತಿಕ್ಕಿಕೊಂಡವರು. ಷೋಕೇಸಿನಲ್ಲಿ ಗೋವಾದಿಂದ ತಂದ ಶಂಖದ ಪಕ್ಕ ನವಿಲುಗಳನ್ನು ನಿಲ್ಲಿಸಿ, ಬಲ್ಬು ಹಾಕಿ, ಬಂದವರಿಗೆಲ್ಲ ತೋರಿಸತೊಡಗಿದರು. ಪಕ್ಕದ ಮನೆಯ ಶಾಂತಕ್ಕ ಹಳಿಯಾಳದವಳು, ನನ್ನ ತವರಿನ ಕಡೆಯವಳೇ. ಸೆರಗು ಬಾಯಿಗೆ ಹಿಡಿದು, “ಭಾಳ ಚಲೋ ಐತ್ರಿ ಅಣ್ಣಾರ,” ಎಂದವಳೇ ಚಹಾ ಕೂಡ ಕುಡಿಯದೆ ಹೋದಳು. ಅವಳ ನಗು ಗೋಡೆಯಾಚೆಯಿಂದ ಕೇಳಿಸಿತು.

ಆ ಬರಹ ಬರೆದವನ ಮೇಲೂ ನನಗೆ ಸಿಟ್ಟಿದೆ. ಮೈಗೆ ಮುಟ್ಟುವ ವಸ್ತು ಕೊಡಿ ಎಂದವನು ಯಾರು ಮುಟ್ಟಿಸಬೇಕೆಂದು ಬರೆಯಬೇಡವೇ? ನಮ್ಮ ಹಳೇ ಶಿಲ್ಪಿಗಳಿಗೆ ಇದು ತಿಳಿದಿತ್ತು. ಕಾಲಿನ ಮುಳ್ಳು ತೆಗೆಸಿಕೊಳ್ಳುವ ಹೆಣ್ಣನ್ನು ಗುಡಿಯ ಗೋಡೆಗೆ ಕೆತ್ತಿದರೇ ಹೊರತು ಮುಳ್ಳನ್ನು ಒಯ್ದು ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ.

ನನ್ನ ಅಜ್ಜ ಅಜ್ಜಿಗೆ ಒಂದು ಅಕ್ಕರೆಯ ಮಾತು ಆಡಿದ್ದನ್ನು ನಾವು ಯಾರೂ ಕೇಳಿಲ್ಲ. ಆದರೆ ಅಜ್ಜಿ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವ ದಿನ ಬಚ್ಚಲಿನಿಂದ ಗಿಲಿಗಿಲಿ ಸದ್ದು ಬರುತ್ತಿತ್ತು, ಅಜ್ಜ ಮಾತ್ರ ಮನೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. “ವಜ್ರಿ ಸಪ್ಪಳ ನಿಲ್ಲೂತನ ಆ ಕಡೆ ಹೋಗಬ್ಯಾಡ್ರಿ,” ಎಂದು ಅವ್ವ ನಮ್ಮನ್ನು ಅಂಗಳಕ್ಕೆ ಅಟ್ಟುತ್ತಿದ್ದಳು. ಆಮೇಲೆ ಹೊರಬಂದ ಅಜ್ಜಿಯ ಹಿಮ್ಮಡಿ ಕೆಂಪಗಿರುತ್ತಿತ್ತು, ಮುಖವೂ ಕೆಂಪಗಿರುತ್ತಿತ್ತು. ಅದು ನನಗೆ ಅರ್ಥವಾಗಲು ಎಷ್ಟೋ ವರ್ಷ ಹಿಡಿಯಿತು.

ಕಳೆದ ರವಿವಾರ ಷೋಕೇಸಿನ ಗಾಜು ಸರಿಸಿ ನವಿಲುಗಳನ್ನು ಎತ್ತಿಕೊಂಡೆ. ಬೋಗುಣಿಯಲ್ಲಿ ಬಿಸಿನೀರು ತುಂಬಿ ಹಿತ್ತಲಿನ ಕಟ್ಟೆಯ ಮೇಲೆ ಕೂತು ಕಾಲು ನೆನೆಹಾಕಿದೆ. ಯಜಮಾನರು ಪೇಪರು ಬಿಟ್ಟು ಓಡಿಬಂದರು.

“ಏ, ಶೋಪೀಸ್ ನೀರಾಗ ಯಾಕ ಹಾಕಾಕತ್ತೀ?”

“ಕಾಲು ತಿಕ್ಕೂದ್ರಿ ಇದು. ಇಪ್ಪತ್ತೈದು ವರ್ಷ ಆತು, ನನ್ನ ಹಿಮ್ಮಡಿ ಹೆಂಗದಾವು ಅಂತ ಒಮ್ಮೆರ ನೋಡೀರೇನು?” ಎಂದು ಸಿಟ್ಟಿನಲ್ಲಿ ಕಾಲು ಚಾಚಿಯೇ ಬಿಟ್ಟೆ.

ಕಾಲು ನೋಡಿದರು. ವಜ್ರಿ ನೋಡಿದರು. ಲುಂಗಿ ಮೇಲೆತ್ತಿ ಕಟ್ಟಿ ಕೂತರು. ಮೊದಲು ತುಕ್ಕು ಕೆರೆದ ಹಾಗೆ ತಿಕ್ಕಿದರು. “ಹಗೂರಕ್ರಿ, ನಾ ಏನು ನಿಮ್ಮ ಮಶೀನಲ್ಲ,” ಎಂದೆ. ಆಮೇಲೆ ಕೈಗೆ ಹದ ಸಿಕ್ಕಿತು. ಗಿಲಿಗಿಲಿ ಶುರುವಾಯಿತು. ಪಕ್ಕದ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಶಾಂತಕ್ಕ ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಅವ್ವನೂ ಅವಳಿಗೆ ಸರಿಯಾಗಿ ಕಲಿಸಿರಬೇಕು.

“ಅಂಗಡ್ಯಾಂವ ಇದನ್ನ ಹೇಳಲೇ ಇಲ್ಲ ನೋಡು.”

“ಹೇಳಿದ್ದರ ತರ್ತಿದ್ರೇನು?”

ಅವರು ಎರಡನೆಯ ಹಿಮ್ಮಡಿಯನ್ನೂ ತಿಕ್ಕಿ ಮುಗಿಸಿ ವಜ್ರಿಯನ್ನು ನೀರಿನಲ್ಲಿ ಅದ್ದಿ ತೊಳೆದರು.

“ಎರಡು ತರ್ತಿದ್ದೆ. ನನ್ನ ಹಿಮ್ಮಡಿನೂ ಒಡದಾವು. ನೀ ಯಾವತ್ತರ ನೋಡೀಯೇನು?”

ನೋಡಿರಲಿಲ್ಲ. ಇಪ್ಪತ್ತೈದು ವರ್ಷ ಆ ಮನುಷ್ಯನ ಕಾಲುಚೀಲ ಒಗೆದಿದ್ದೇನೆ. ಹಿಮ್ಮಡಿಯ ಹತ್ತಿರವೇ ತೂತು ಬೀಳುತ್ತದೆಂದು ಬೈದಿದ್ದೇನೆ. ಯಾಕೆ ಬೀಳುತ್ತದೆಂದು ಕೇಳಿಲ್ಲ. ಇಷ್ಟು ದಿನ ಚೆಂದಾಗಿ ಸಾಕಿದ ಸಿಟ್ಟನ್ನು ಒಂದೇ ಮಾತಿಗೆ ಕಸಿದುಕೊಂಡರಲ್ಲ ಎಂದು ಮತ್ತೆ ಸಿಟ್ಟು ಬಂತು.

ಬೋಗುಣಿಯ ನೀರು ಆರಿತ್ತು. ಎದ್ದು ಒಳಗಿನಿಂದ ಬಿಸಿನೀರು ತಂದು ಬೆರೆಸಿ ಅವರ ಮುಂದೆ ಸರಿಸಿದೆ.

“ಇಡ್ರಿ ಕಾಲು,” ಅಂದೆ.