ಗೌಡರ ಮಾತು ಮುಗಿಯುವ ತನಕ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಬಾಯ್ಲರ್ ಸರ್ವಿಸ್ ಎಂಜಿನಿಯರ್ ಕೆಲಸದಿಂದ ನಿವೃತ್ತನಾಗಿ ಗಂಜಾಂನ ಮನೆಯಲ್ಲಿ ಕಾಲು ಚಾಚಿ ಕೂತಿದ್ದೆ. ಕಿಕ್ಕೇರಿ ಹತ್ತಿರದ ಒಂದು ರೈಸ್ ಮಿಲ್ಲಿನ ಯಜಮಾನರಾದ ಬೋರೇಗೌಡರು ಫೋನು ಮಾಡಿದರು. ಅವರಿಗೆ ಎರಡನೇ ಸಲ ಹೃದಯಾಘಾತ ಆಗಿತ್ತು.

"ಮಿಲ್ಲು ಇನ್ ಮಗಳಿಗೆ ವಹಿಸ್ಬುಡ್ತೀನಿ ಸಾ. ಒಂದ್ ತಿಂಗ್ಳು ಬಂದು ಅವ್ಳಿಗೆ ಬಾಯ್ಲರ್ ಕಲಿಸ್ಕೊಡಿ" ಎಂದರು.

ಕಂಪನಿಯವರು ಇದಕ್ಕೆ ಸಕ್ಸೆಷನ್ ಪ್ಲಾನಿಂಗ್ ಎನ್ನುತ್ತಾರೆ. ಈಗಿನ ಯಜಮಾನ ಇರುವಾಗಲೇ ಮುಂದಿನವರನ್ನು ತಯಾರು ಮಾಡುವುದು. ಆಹಾ, ನಮ್ಮ ಕಡೆಯಲ್ಲೂ ಇಂಥ ಬುದ್ಧಿ ಬಂತಲ್ಲ ಎಂದು ಖುಷಿಪಟ್ಟು ಹೋದೆ.

ಮಗಳು ಸವಿತಾ ಮಿಲ್ಲಿನ ಆಫೀಸನ್ನು ವರ್ಷಗಳಿಂದ ನೋಡಿಕೊಂಡಿದ್ದವಳು. ಭತ್ತ ಬೇಯಿಸಲು ಹಬೆ ಕೊಡುವ ಬಾಯ್ಲರ್ ಶೆಡ್ಡಿಗೆ ಮಾತ್ರ ಕಾಲಿಟ್ಟಿರಲಿಲ್ಲ. ಹೇಳಿದ್ದನ್ನು ಮರೆಯುವ ಪೈಕಿಯಲ್ಲ, ಬೇಗ ಕಲಿತಳು. ಒಂದು ಶುಕ್ರವಾರ ಪೂಜೆ ಮಾಡಿಸಿ ಗೌಡರು ಎಲ್ಲರೆದುರು ಬೀಗದ ಕೈ ಅವಳಿಗೆ ಕೊಟ್ಟರು. ಮರುದಿನ ಎಂದಿನ ಹೊತ್ತಿಗೇ ಬಂದು, ಎಂದಿನಂತೆ ಅಂಗಳದ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು.

"ಗೌಡ್ರೇ, ನೀವು ಹೀಗೆ ಕೂತರೆ ಅವಳು ಯಜಮಾನಿ ಆಗೋದು ಯಾವಾಗ?" ಎಂದು ರೇಗಿದೆ.

"ನಾನೇನ್ ಮಾಡ್ತೀನಿ ಸಾ, ಸುಮ್ಕೆ ಕುಂತಿರ್ತೀನಿ" ಎಂದು ನಕ್ಕರು.

ಅವರು ಸುಮ್ಮನೆಯೇ ಇದ್ದರು, ನಿಜ. ಆದರೆ ಸವಿತಾ ಏನೇ ಹೇಳಲಿ, ಆಳುಗಳು "ಆಯ್ತಕ್ಕ" ಎಂದು ಒಮ್ಮೆ ಹೊಂಗೆ ಮರದ ಕಡೆ ನೋಡುವರು. ಗೌಡರು ತಲೆಯಾಡಿಸಿದ ಮೇಲೆಯೇ ಕೆಲಸ ಶುರು. ನನಗೆ ಒಳಗೊಳಗೇ ಅಳುಕು ಹತ್ತಿತು.

ಅಂದು ಮಧ್ಯಾಹ್ನ ಊಟ ಮುಗಿಸಿ ಸವಿತಾಳ ಜೊತೆ ಶೆಡ್ಡಿಗೆ ಹೋದೆ. ಬಾಯ್ಲರ್ ಒಳಗೆ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ, ಅಂದರೆ ಗೇಜ್ ಗ್ಲಾಸ್, ಖಾಲಿ! ಕೆಳಗೆ ಭತ್ತದ ಹೊಟ್ಟಿನ ಬೆಂಕಿ ಭರ್ಜರಿಯಾಗಿ ಉರಿಯುತ್ತಿದೆ. ಇಂಥ ಹೊತ್ತಿನಲ್ಲಿ ನೀರು ಬಿಡುವುದೇ ಎಲ್ಲರಿಗೂ ತೋಚುವ ಉಪಾಯ, ಅದೇ ಸಾವಿನ ದಾರಿ. ಕಾದು ಕೆಂಪಗಾದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಅಷ್ಟೂ ಒಮ್ಮೆಗೇ ಹಬೆಯಾಗಿ ಬಾಯ್ಲರ್ ಸಿಡಿಯುತ್ತದೆ. ಹಾಗೆ ಸಿಡಿದ ಒಂದು ಶೆಡ್ಡನ್ನು ನೋಡಿದವನು ನಾನು. ಗೋಡೆಯೇ ಉಳಿದಿರಲಿಲ್ಲ.

ಬಾಯ್ಲರ್ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಮಂಜಣ್ಣ ಎಲ್ಲಿ? ಅಂಗಳದಲ್ಲಿ. ಹೆಗಲ ಟವೆಲ್ಲನ್ನು ಕಂಕುಳಲ್ಲಿ ಅವುಚಿಕೊಂಡು ಗೌಡರ ಮುಂದೆ ನಿಂತಿದ್ದ. ನೀರಿನ ಪಂಪು ಕೆಟ್ಟು ನಿಂತಿತ್ತು, ಇನ್ನೊಂದು ಪಂಪು ಹಾಕಲೇ ಎಂದು ಕೇಳಲು ಬಂದಿದ್ದ. ಗೌಡರು ಪಾಂಡವಪುರದ ಭತ್ತದ ವ್ಯಾಪಾರಿಯೊಡನೆ ಮಾತಿನಲ್ಲಿದ್ದರು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವುದುಂಟೇ? ಮಾತು ಮುಗಿಯಲಿ ಎಂದು ಕಾಯುತ್ತಿದ್ದ ಪುಣ್ಯಾತ್ಮ!

"ಮಂಜಣ್ಣ, ಬೆಂಕಿ ನಿಲ್ಸು! ನೀರ್ ಬುಡ್ಬೇಡ!" ಎಂದು ಸವಿತಾ ಕಿರುಚಿದಳು.

ಗೌಡರು ದಡಬಡಿಸಿ ಎದ್ದು ಶೆಡ್ಡಿನ ಬಾಗಿಲಿಗೆ ಬಂದರು. "ಬೆಂಕಿ ನಿಲ್ಸುದ್ರೆ ಭತ್ತ ಎಲ್ಲಾ ಹಾಳಾಯ್ತದೆ ಕಣ್ಲಾ! ಪಂಪ್ ಹಾಕ್ಲಾ ಮಂಜ, ನೀರ್ ಬುಡ್ಲಾ!"

ಅವರ ಹಿಂದೆಯೇ ಬಂದ ಮಂಜಣ್ಣ ಶೆಡ್ಡಿನೊಳಗೆ ಇನ್ನೊಂದು ಪಂಪಿನ ಸ್ವಿಚ್ಚಿನತ್ತ ಓಡಿದ. ನಾನು ಬೇಡ ಬೇಡ ಎಂದು ಅರಚಿದೆ, ನನ್ನತ್ತ ಯಾರೂ ತಿರುಗಲಿಲ್ಲ. ಅಷ್ಟರಲ್ಲಿ ಸವಿತಾ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಬಾಯ್ಲರ್‌ನಿಂದ ನಾಲ್ಕು ಮಾರೂ ದೂರವಿರಲಿಲ್ಲ.

"ಅಪ್ಪಾ, ಇಲ್ಲಿ ಯಾರ್ ಮಾತು ನಡೀಬೇಕು? ಈಗ್ಲೇ ಯೋಳ್ಬುಡು."

ಮಂಜಣ್ಣ ಅವಳೆದುರು ನಿಂತುಬಿಟ್ಟ. "ಯಾರ್ ಮಾತ್ ಕೇಳ್ಲಿ ಗೌಡ್ರೇ?" ಎಂದು ಅತ್ತೇಬಿಟ್ಟ.

ಗೌಡರು ಮಗಳ ಮುಖ ನೋಡಿದರು. ಅವರ ಬಾಯಿಂದ ಮಾತು ಹೊರಡುವಷ್ಟರಲ್ಲಿ ನನ್ನ ಜೀವ ಹೋಗಿ ಬಂತು.

"ಅವ್ಳು ಯೋಳ್ದಂಗೆ ಮಾಡ್ಲಾ."

ಒಲೆಗೆ ಹೊಟ್ಟು ಬೀಳುವುದನ್ನೂ ಗಾಳಿಯ ಫ್ಯಾನನ್ನೂ ನಿಲ್ಲಿಸಿ, ಎಲ್ಲರನ್ನೂ ರಸ್ತೆಯಾಚೆ ಓಡಿಸಿದೆವು. ಒಳಗಿಂದ ಕಬ್ಬಿಣ ಟಕ್ ಟಕ್ ಎನ್ನುವ ಸದ್ದು ರಸ್ತೆಗೂ ಕೇಳುತ್ತಿತ್ತು. ಪ್ರತಿ ಸದ್ದಿಗೂ ಬೆಚ್ಚುತ್ತಿದ್ದೆ. ಬಾಯ್ಲರ್ ತಣಿಯುವ ತನಕ ಯಾರನ್ನೂ ಒಳಗೆ ಬಿಡಲಿಲ್ಲ.

ಆಮೇಲೆ ನೋಡಿದರೆ ನೀರು ಇಳಿದಾಗ ಕೂಗಬೇಕಾದ ಅಲಾರಂನ ವೈರೇ ಇಲ್ಲ. "ಸುಮ್‌ಸುಮ್ನೆ ಕೂಗ್ಕತಿತ್ತು, ನೆನ್ನೆ ಸಂಜೆ ನಾನೇ ಬಿಚ್ಚಿಸ್ದೆ. ನೋಡ್ಕಳಾಕೆ ನಾನ್ ಇಲ್ಲೇ ಇದ್ದೀನಲ್ಲ ಅಂತ" ಎಂದರು ಗೌಡರು. ನನಗೆ ಬಂದ ಸಿಟ್ಟಿನಲ್ಲೇ ಆ ವೈರನ್ನು ಹುಡುಕಿಸಿ ಜೋಡಿಸತೊಡಗಿದೆ.

ಗೌಡರು ಹತ್ತಿರ ಬಂದು ಪಿಸುಗುಟ್ಟಿದರು: "ಸಾ, ನಾನ್ ಇನ್ನೊಂದ್ಸಲಿ ಕೂಗಿದ್ರೆ ಮಂಜ ಅವ್ಳುನ್ನ ಆಚೆ ತಳ್ಳಿ ಸ್ವಿಚ್ ಹಾಕ್ಬುಡ್ತಿದ್ನಾ?"

"ಹಾಕ್ತಿದ್ದ" ಎಂದೆ.

ಮರುದಿನ ಬೆಳಿಗ್ಗೆಯೇ ಗೌಡರು ನಾಗಮಂಗಲದ ತಂಗಿಯ ಮನೆಗೆ ಬಸ್ಸು ಹತ್ತಿದರು, ಮಿಲ್ಲಿನಿಂದ ಫೋನು ಬಂದರೆ ಎತ್ತಕೂಡದೆಂದು ತಂಗಿಗೂ ಹೇಳಿದರಂತೆ. ಮೊದಲ ವಾರ ಆಳುಗಳು ಅಂಗಳದಲ್ಲಿ ದಿಕ್ಕುತಪ್ಪಿದವರಂತೆ ನಿಲ್ಲುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಸವಿತಾಳ ಬಳಿ ಬಂದು ಕೇಳತೊಡಗಿದರು, ಅವಳು ಫೋನಿನಲ್ಲಿದ್ದರೂ ನಡುವೆ ಬಾಯಿ ಹಾಕಿ. ಹಾಗೆ ಹಾಕದಿದ್ದರೆ ಅವಳು ಬೈಯುತ್ತಿದ್ದಳು.

ಉತ್ತರಾಧಿಕಾರಿಯನ್ನು ತಯಾರು ಮಾಡಲು ಒಂದು ತಿಂಗಳು ಸಾಕಾಯಿತು. ಯಜಮಾನರನ್ನು ಆ ಕುರ್ಚಿಯಿಂದ ಎಬ್ಬಿಸಿ ಕಳಿಸಲು ಮಾತ್ರ ಅವರ ಮಗಳೇ ಸಾವಿನೆದುರು ನಿಲ್ಲಬೇಕಾಯಿತು.