ಜ್ವರಕ್ಕೆ ಕೂತ ಅಪ್ಪ

ನಮ್ಮ ಹುಳು ಮನೆಗೆ ಬರುವವರು ಹೊರಗೇ ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದುಕೊಂಡೇ ಒಳಗೆ ಬರಬೇಕಿತ್ತು. ಯಾವ ಸಾಹೇಬರು ಬಂದರೂ ಅಪ್ಪ ಈ ವಿಷಯದಲ್ಲಿ ಮುಲಾಜು ನೋಡುತ್ತಿರಲಿಲ್ಲ. ಮನುಷ್ಯರ ಜೊತೆ ಕನ್ನಡದಲ್ಲಿ ಜಗಳ, ರೇಷ್ಮೆ ಹುಳುಗಳ ಜೊತೆ ತೆಲುಗಿನಲ್ಲಿ ಮುದ್ದು. "ತಿನಂಡ್ರಾ, ತಿನಂಡಿ," ಎನ್ನುತ್ತಾ ಒಂದೊಂದು ತಟ್ಟೆಗೂ ಸೊಪ್ಪು ಹರಡುತ್ತಿದ್ದ. ನನಗಾಗಲೀ ಅಮ್ಮನಿಗಾಗಲೀ ಅಷ್ಟು ಪ್ರೀತಿಯಿಂದ ಅವನು ಒಂದು ತುತ್ತು ಬಡಿಸಿದ್ದು ನೆನಪಿಲ್ಲ. ಶ್ರೀನಿವಾಸಪುರದ ಕಡೆಯವರೆಲ್ಲ ಮಾವು ಹಾಕಿಕೊಂಡು ವರ್ಷಕ್ಕೊಂದು ಫಸಲು ತೆಗೆದು ಹಾಯಾಗಿದ್ದಾರೆ, ನಮ್ಮ ಮನೆಯಲ್ಲಿ ಮಾತ್ರ ತಿಂಗಳಿಗೊಂದು ಬಾಣಂತನ ಎಂದು ಅಮ್ಮ ಗೊಣಗುತ್ತಿದ್ದಳು.

ಹುಳು ದೊಡ್ಡದಾಗುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆ ಹೊತ್ತಿನಲ್ಲಿ ಹುಳು ಮನೆಯಲ್ಲಿ ಸದ್ದು ಮಾಡುವಂತಿಲ್ಲ, ತಟ್ಟೆ ಕದಲಿಸುವಂತಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಬೆರಳಿನಿಂದ ಒಂದನ್ನು ಮುಟ್ಟಿ, ಅಪ್ಪನಿಂದ ಬೆನ್ನಿಗೆ ಗುದ್ದು ತಿಂದಿದ್ದೆ. "ಜ್ವರಕ್ಕೆ ಕೂತಿದ್ದನ್ನ ಮುಟ್ಟಬಾರ್ದು ಕಣೇ. ತಾನಾಗೇ ಏಳ್ತದೆ," ಎಂದಿದ್ದ. ಆ ಮಾತನ್ನು ನಾನು ಚೆನ್ನಾಗಿಯೇ ಕಲಿತೆ, ಬೇಕಾದ್ದಕ್ಕಿಂತ ಜಾಸ್ತಿ.

ಅಪ್ಪನಿಗೆ ಎದೆ ಹಿಡಿದದ್ದು ಹುಳುಗಳು ನಾಲ್ಕನೇ ಜ್ವರದಿಂದ ಎದ್ದ ಬೆಳಿಗ್ಗೆ. ಗ್ಯಾಸು ಎಂದು ಒಂದು ಸೋಡಾ ಕುಡಿದ. ಹಸಿದು ಎದ್ದ ಹುಳುಗಳನ್ನು ಬಿಟ್ಟು ಹೋಗುವುದು ಹೇಗೆ? ಬೆವರು ಸುರಿಸಿಕೊಂಡೇ ಅಷ್ಟೂ ತಟ್ಟೆಗೆ ಸೊಪ್ಪು ಕೊಟ್ಟು, ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತ. ಪಕ್ಕದ ಮನೆಯವರ ಟೊಮೇಟೊ ಟೆಂಪೋದಲ್ಲಿ ಕೋಲಾರಕ್ಕೆ ಸಾಗಿಸಿದೆವು. ಅಲ್ಲಿ ಕಟ್ಟಿಕೊಂಡಿದ್ದ ರಕ್ತನಾಳವನ್ನು ತಕ್ಷಣ ತೆರೆದು ಸ್ಟೆಂಟ್ ಹಾಕಿದರು. ಐದನೇ ದಿನ ಮನೆಗೆ ಕಳಿಸುವಾಗ, ದಣಿಯಬಾರದು, ವಿಶ್ರಾಂತಿ ಮುಖ್ಯ ಎಂದು ಡಾಕ್ಟರು ಹೇಳಿದರು.

ಇನ್ನೇನು ಬೇಕಿತ್ತು ನನಗೆ! ನಾನು ಪಾಠ ಮಾಡುವ ಮುಳಬಾಗಿಲಿನ ಶಾಲೆಗೆ ರಜೆ ಹಾಕಿ ಅಪ್ಪನ ಕೋಣೆಗೆ ಕಾವಲು ನಿಂತೆ. ಕುರುಡುಮಲೆ ಗಣೇಶನ ಪ್ರಸಾದ ಹಿಡಿದು ಬಂದ ಸೋದರತ್ತೆಯನ್ನೂ ಬಾಗಿಲಿನಿಂದಲೇ ವಾಪಸ್ಸು ಕಳಿಸಿದೆ. ಅತ್ತೆ ಮುಖ ಊದಿಸಿಕೊಂಡು ಹೋದಳು. ಅಮ್ಮನಿಗೆ ಹುಳು ಮನೆಯಲ್ಲಿ ಕೈತುಂಬ ಕೆಲಸ. ಹುಳು ಹಣ್ಣಾಗುತ್ತಿದ್ದವು, ಗೂಡು ಕಟ್ಟಲು ಅವನ್ನು ಬಿದಿರು ತಟ್ಟಿಯ ಚಂದ್ರಂಕಿಗೆ ಬಿಡಬೇಕಿತ್ತು. ಅಪ್ಪನ ಜವಾಬ್ದಾರಿ ಪೂರಾ ನನ್ನದೇ.

ಮನೆಗೆ ಬಂದ ಮೂರನೇ ದಿನ ಅಪ್ಪ ಊಟ ಬಿಟ್ಟ. ಮಲಗಲು ಒಪ್ಪದೆ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕೂತೇ ತೂಕಡಿಸತೊಡಗಿದ. "ಜ್ವರಕ್ಕೆ ಕೂತಿದೀನಿ ಕಣೇ. ಎದ್ಮೇಲೆ ಸರಿಹೋಗ್ತೀನಿ," ಎಂದ. ನಾನು ನಕ್ಕೆ. ಸರಿಯಾಗೇ ವಿಶ್ರಾಂತಿ ತಗೊಳ್ಳುತ್ತಿದ್ದಾನೆ ಎಂದು ಸಂತೋಷವೂ ಆಯಿತು. ಆ ದಿನ, ಮಾರನೇ ದಿನ, ನಾನು ಅವನನ್ನು ಮಾತಾಡಿಸಲೂ ಇಲ್ಲ.

ಆ ಎರಡನೇ ದಿನ ಮಧ್ಯಾಹ್ನ ಅಮ್ಮ ಒಳಗೆ ಬಂದಳು. "ಎಬ್ಬಿಸಬೇಡಮ್ಮ," ಎಂದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ ಅಪ್ಪನ ಪಾದದ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದರೂ ಒತ್ತಿದ ಕುಳಿ ಹಾಗೇ ನಿಂತಿತ್ತು.

"ಜ್ವರಕ್ಕೆ ಕೂತ ಹುಳ ತಲೆ ಎತ್ಕೊಂಡಿರ್ತದೆ. ನಿಮ್ಮಪ್ಪನ ತಲೆ ನೋಡೇ," ಎಂದಳು. "ಇದು ಸಪ್ಪೆ ಕಣೇ. ಗಾಡಿಗೆ ಹೇಳು ಹೋಗು."

ಸಪ್ಪೆ ಎಂದರೆ ಹುಳುಗಳ ರೋಗ. ಅದು ಬಂದ ಹುಳುವೂ ಸೊಪ್ಪು ಬಿಟ್ಟು ಸುಮ್ಮನಾಗುತ್ತದೆ, ಆದರೆ ಮೈ ಮೆತ್ತಗಾಗಿ ತಲೆ ಜೋಲುತ್ತದೆ. ಅಪ್ಪನ ಗಲ್ಲ ಎದೆಗೆ ತಾಗಿತ್ತು. ತುಟಿ ನೀಲಿಯಾಗಿತ್ತು. ಎರಡು ದಿನದಿಂದ ಎದುರಿಗೇ ಕೂತಿದ್ದ ನನಗೆ ಅದು ಕಂಡಿರಲಿಲ್ಲ.

ಹೃದಯದ ಒಂದು ಭಾಗ ಸತ್ತಿದೆ, ಪಂಪು ಮಾಡುವ ಶಕ್ತಿ ಇಲ್ಲದೆ ಶ್ವಾಸಕೋಶದಲ್ಲಿ ನೀರು ನಿಂತಿದೆ, ಬಡಿತವೂ ಹದ ತಪ್ಪಿದೆ ಎಂದರು ಕೋಲಾರದಲ್ಲಿ. ಕಾಲು ಊದಿದರೆ, ಉಸಿರು ಕಟ್ಟಿದರೆ ಕೂಡಲೇ ಕರೆತನ್ನಿ ಎಂದು ಮೊದಲ ಸಲ ಮನೆಗೆ ಕಳಿಸುವಾಗಲೇ ಚೀಟಿಯಲ್ಲಿ ಬರೆದಿದ್ದರು. ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ಮಕ್ಕಳಿಗೆ ಪ್ರಶ್ನೆಪತ್ರಿಕೆ ಪೂರ್ತಿ ಓದಿ ಎಂದು ಗದರುವ ನಾನು, ಮಾತ್ರೆ ಯಾವಾಗ ನುಂಗಿಸಬೇಕು ಎಂಬಷ್ಟನ್ನು ಮಾತ್ರ ಓದಿದ್ದೆ. ಐಸಿಯು ಮುಂದಿನ ಬೆಂಚಿನಲ್ಲಿ ಕೂತು, ಅಪ್ಪ ಹೋದರೆ ಕೊಂದವಳು ನಾನೇ ಎಂದುಕೊಂಡು ಅಳುತ್ತಿದ್ದೆ.

ಅಪ್ಪ ಉಳಿದ. ಮುಂದೆ ಎರಡು ವರ್ಷ ಸೊಪ್ಪಿನ ಹೊರೆ ಎತ್ತಲಿಲ್ಲ, ಅಷ್ಟೇ. ಹುಳು ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅಮ್ಮನಿಗೆ ಅದು ಸರಿಯಿಲ್ಲ, ಇದು ಸರಿಯಿಲ್ಲ ಎನ್ನುವುದೇ ಕೆಲಸ. ನಾನು ದಿನಾ ಶಾಲೆಗೆ ಹೊರಡುವ ಮುಂಚೆ ಅವನ ಪಾದ ಒತ್ತಿ ನೋಡುತ್ತಿದ್ದೆ. ಅವನು ಒಂದೇ ಕಣ್ಣು ತೆರೆದು, "ಬದುಕಿದೀನಿ, ಹೋಗೇ. ಬಸ್ಸು ತಪ್ತದೆ," ಎಂದು ಬೈಯುತ್ತಿದ್ದ. ಆ ಎರಡು ವರ್ಷ ನನ್ನ ಬೆಳಗು ಶುರುವಾಗುತ್ತಿದ್ದದ್ದೇ ಆ ಬೈಗುಳದಿಂದ. ಈಗಲೂ ಅದರ ಆಸೆ ನನಗೆ.

ಕೊನೆಯ ದಿನವೂ ಒತ್ತಿದೆ. ಪಾದ ತೆಳ್ಳಗಿತ್ತು, ಕುಳಿ ಬೀಳಲಿಲ್ಲ. ಸದ್ಯ, ನೀರು ತುಂಬಿಲ್ಲ ಎಂದು ನೆಮ್ಮದಿಯಿಂದ ಬ್ಯಾಗು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಗೇಟಿನವರೆಗೂ ಹೋದೆ. ಅಪ್ಪ ಬೈದಿಲ್ಲ ಎಂದು ನೆನಪಾದದ್ದು ಅಲ್ಲಿ.